ಒಂದು ಮಾತು ಕೇಳಬಹುದಿತ್ತು

ರಾತ್ರಿ ಒಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ನಮ್ಮ ಮನೆ ಮುಂದೆ ಸೀಟಿ ಕೇಳಿಸುತ್ತಿತ್ತು. ಹಿಂದೆಯೇ ಕರೆಂಟ್ ಕಂಬಕ್ಕೆ ಬಡಿಗೆಯಿಂದ ಎರಡು ಪೆಟ್ಟು, ಟಣ್ ಟಣ್. ಎಚ್ಚರವಿದ್ದರೆ ‘ಗೂರ್ಖಾ ಬಂದ’ ಅಂದುಕೊಂಡು ಮಗ್ಗಲು ಬದಲಿಸುತ್ತಿದ್ದೆ. ಏಳೆಂಟು ವರ್ಷ ಆ ಸೀಟಿಯ ಭರವಸೆಯ ಮೇಲೆ ನಾವು ನಿಶ್ಚಿಂತೆಯಿಂದ ಮಲಗಿದ್ದೇವೆ. ಅಷ್ಟು ವರ್ಷದಲ್ಲಿ ಅವನ ಹೆಸರೇನು ಅಂತ ಒಮ್ಮೆಯೂ ಕೇಳಿರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ನಮ್ಮದು ಗಲಗಲಿ. ಕೃಷ್ಣಾ ನದಿಯ ದಂಡೆಯ ಊರು. ಹೊಳೆ ದಾಟಿದರೆ ವಿಜಯಪುರ ಜಿಲ್ಲೆ. ಪ್ಯಾಟಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆಯಾಗಿ ಈ ಮನೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಗಿರಾಕಿ ಹೆಚ್ಚಾದಾಗ ನಾನೂ ತಕ್ಕಡಿ ಹಿಡಿಯುತ್ತೇನೆ. ಹೀಗಾಗಿ ಪ್ಯಾಟಿಯ ಸುದ್ದಿ ಯಾವುದೂ ನನ್ನ ಕಿವಿ ತಪ್ಪಿಸಿ ಹೋಗುವುದಿಲ್ಲ.

ಆತ ಬಂದದ್ದು 2014ರ ಸುಮಾರಿಗೆ. ಮುಧೋಳದಲ್ಲಿ ಗಾಡಿ ಮೇಲೆ ಎಗ್ ರೈಸ್ ಮಾರುವ ನೇಪಾಳದ ಹುಡುಗರ ಕಡೆಯವನಂತೆ. ಪ್ಯಾಟಿಯ ಅಂಗಡಿಯವರೆಲ್ಲ ಸೇರಿ ರಾತ್ರಿ ಕಾವಲಿಗೆ ಇಟ್ಟುಕೊಂಡರು. ತಿಂಗಳ ಮೊದಲ ವಾರದಲ್ಲಿ ಅಂಗಡಿಗೆ 30 ರೂಪಾಯಿಯಂತೆ ಎತ್ತಿಕೊಂಡು ಹೋಗುತ್ತಿದ್ದ. ‘ಸಲಾಂ ಶೇಟ್‌ಜಿ’ ಅಂತ ನಿಂತರೆ ಕೆಲವರು ಕೂಡಲೇ ಕೊಡುವರು, ಕೆಲವರು ‘ಏ ಬಹಾದ್ದೂರ, ನಾಳಿ ಬಾ’ ಅನ್ನುವರು. ನಾಳೆ ಬಂದರೆ ಮತ್ತೆ ನಾಳೆ. ಅವನು ನಗುತ್ತಲೇ ಮುಂದಿನ ಅಂಗಡಿಗೆ ಹೋಗುವನು.

ನಮ್ಮ ಮನೆಯವರು ಮೃದು ಸ್ವಭಾವದವರು. ರಾತ್ರಿ ತಿರುಗುವವನಿಗೆ ಬಾಯಾರುತ್ತದೆ ಅಂತ ಜಗಲಿ ಮೇಲೆ ಒಂದು ಸಣ್ಣ ಕೊಡದಲ್ಲಿ ನೀರು ತುಂಬಿ, ಮೇಲೊಂದು ಸ್ಟೀಲಿನ ಲೋಟ ಬೋರಲು ಹಾಕಿ ಇಡಿಸುತ್ತಿದ್ದರು. ಸೀಟಿ ಊದಿದ ಮೇಲೆ ಲೋಟದ ಸಪ್ಪಳ ಕೇಳುತ್ತಿತ್ತು. ನಾವು ಬಹಳ ದೊಡ್ಡ ಮನಸ್ಸಿನವರು ಅಂತ ನನಗೆ ಒಳಗೊಳಗೇ ಹೆಮ್ಮೆ. ಆ ಲೋಟ ಅವನಿಗೇ ಬೇರೆ ಮಾಡಿಟ್ಟ ಲೋಟ ಅನ್ನುವುದು, ಹಬ್ಬದ ದಿನವೂ ಅವನನ್ನು ಹೊಸ್ತಿಲೊಳಗೆ ಕರೆದಿರಲಿಲ್ಲ ಅನ್ನುವುದು ಆಗ ಹೊಳೆದಿರಲಿಲ್ಲ.

ಹೊರಗಿನಿಂದ ಬಂದವರು ನಮ್ಮ ಭಾಗಕ್ಕೆ ಹೊಸಬರೇನಲ್ಲ. ಕಬ್ಬಿನ ಹಂಗಾಮು ಬಂದರೆ ಬೀಡ್ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಹೆಂಡಿರು ಮಕ್ಕಳ ಸಮೇತ ಬಂದು ಹೊಲದಲ್ಲೇ ಗುಡಿಸಲು ಹಾಕುತ್ತವೆ. ಚಳಿಗಾಲದಲ್ಲಿ ದೊಡ್ಡ ಊರುಗಳಿಗೆ ಹೋದರೆ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕಿಕೊಂಡು ಕೂತಿರುವುದನ್ನು ನೀವೂ ನೋಡಿರಬಹುದು. ಅವರದು ನಮ್ಮ ರಾಜ್ಯದ ಜೊತೆ ಹಳೆಯ ನಂಟು. ದಲಾಯಿ ಲಾಮಾ 1959ರಲ್ಲಿ ಭಾರತಕ್ಕೆ ಬಂದ ಮರುವರ್ಷವೇ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ನೆಲೆ ಸಿಕ್ಕಿತು. ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿ ಯಾರು ಗೊತ್ತೇ? ನಮ್ಮ ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು. ಆಮೇಲೆ 1966ರಲ್ಲಿ, ನಿಜಲಿಂಗಪ್ಪನವರ ಕಾಲದಲ್ಲಿ, ಉತ್ತರ ಕನ್ನಡದ ಮುಂಡಗೋಡದಲ್ಲೂ ಜಮೀನು ಕೊಟ್ಟರು. ಇವತ್ತು ಮುಂಡಗೋಡಕ್ಕೆ ಹೋದವರು ಗೊಂಬೆ, ಬಣ್ಣ, ಗಂಟೆಗಳ ಆ ಮಠಗಳನ್ನು ನೋಡಿಕೊಂಡೇ ಬರುತ್ತಾರೆ.

ಆದರೆ ನೇಪಾಳದಿಂದ ಬಂದವರ ಕಥೆ ಬೇರೆ. ಅವರಿಗೆ ಯಾರೂ ಜಮೀನು ಕೊಟ್ಟು ಕರೆಸಿಲ್ಲ. ಬರಬೇಡ ಅಂತಲೂ ಅಂದಿಲ್ಲ. 1950ರ ಜುಲೈ 31ರಂದು ಎರಡೂ ದೇಶಗಳು ಮಾಡಿಕೊಂಡ ಒಪ್ಪಂದದ ಪ್ರಕಾರ ಅವರು ಇಲ್ಲಿ, ನಾವು ಅಲ್ಲಿ ಓಡಾಡಬಹುದು, ಮನೆ ಮಾಡಿಕೊಂಡು ಇರಬಹುದು, ವ್ಯಾಪಾರ ಮಾಡಬಹುದು. ವೀಸಾ ಬೇಕಾಗಿಲ್ಲ. ಬಾಗಿಲು ತೆರೆದೇ ಇದೆ, ಆದರೆ ಬಾಗಿಲಲ್ಲಿ ನಿಂತು ಬರ್ರಿ ಅನ್ನುವವರು ಯಾರೂ ಇಲ್ಲ. ಬಂದವರು ಯಾವುದೋ ಹೋಟೆಲಿನ ಹಿಂದೆ ಪಾತ್ರೆ ತೊಳೆಯುತ್ತಾರೆ, ಇಲ್ಲವೇ ಕೈಯಲ್ಲಿ ಬಡಿಗೆ ಹಿಡಿದು ನಮ್ಮ ನಿದ್ದೆ ಕಾಯುತ್ತಾರೆ. ಗೋರಖಾ ಅನ್ನುವುದು ಅವರ ದೇಶದ ಒಂದು ಊರಿನ ಹೆಸರು. ನಾವು ಅವರೆಲ್ಲರಿಗೂ ಅದೊಂದನ್ನೇ ಇಟ್ಟುಬಿಟ್ಟಿದ್ದೇವೆ.

ಮೂರನೇ ವರ್ಷಕ್ಕೆ ಅವನು ಹೆಂಡತಿ ಮತ್ತು ಮಗಳನ್ನು ಕರೆದುಕೊಂಡು ಬಂದ. ಪ್ಯಾಟಿಯ ಹಿಂದೆ ತಗಡಿನ ಒಂದು ಖೋಲಿ. ಮಗಳನ್ನು ಕನ್ನಡ ಸಾಲಿಗೆ ಹಚ್ಚಲು ಹೋದಾಗ ಕೈಯಲ್ಲಿ ಜನನ ದಾಖಲೆ ಇರಲಿಲ್ಲ. ಆದರೆ ಅಲ್ಲಿಯ ಅಕ್ಕೋರು, ‘ವಯಸ್ಸಿನ ಕಾಗದ ಇಲ್ಲಂತ ಕೂಸಿನ್ನ ಹೊರಗ ನಿಲ್ಸಾಕ ಬರೂದಿಲ್ಲ, ಕಾಯ್ದೆನ ಹಂಗೈತಿ’ ಅಂತ ಹೇಳಿ ಸೇರಿಸಿಕೊಂಡರು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹಾಗಿದೆ ಅಂತ ನನಗೂ ಆಗಲೇ ತಿಳಿದದ್ದು. ಒಂದು ವರ್ಷ ತುಂಬುವುದರೊಳಗೆ ಆ ಹುಡುಗಿ ಗಲಗಲಿ ಮಾತನ್ನು ನಮ್ಮ ಮೊಮ್ಮಕ್ಕಳಿಗಿಂತ ಚಂದ ಆಡತೊಡಗಿದಳು. ಅಂಗಡಿಗೆ ಬಂದರೆ ‘ಆಂಟಿ, ಎರಡ ರೂಪಾಯಿದ ಕೊಬ್ಬರಿ ಎಣ್ಣಿ ಪಾಕೀಟ ಕೊಡ್ರಿ, ಲಗೂನ ಕೊಡ್ರಿ, ಸಾಲಿ ಗಂಟಿ ಆಗೇತಿ’ ಅನ್ನುವಳು.

ಹೀಗೆ ಎಲ್ಲ ಸುರಳೀತ ನಡೆದಿತ್ತು. ಮೂರು ವರ್ಷದ ಹಿಂದೆ, ಶ್ರಾವಣದ ಒಂದು ಮಳೆ ರಾತ್ರಿ, ಪ್ಯಾಟಿಯ ಮೂರು ಅಂಗಡಿಗಳ ಶಟರ್ ಮುರಿದರು. ಒಂದು ಮೊಬೈಲ್ ಅಂಗಡಿ, ಒಂದು ಬಟ್ಟೆ ಅಂಗಡಿ, ಒಂದು ಗೊಬ್ಬರದ ಅಂಗಡಿ. ಮುಂಜಾನೆ ಎಲ್ಲರೂ ಕಟ್ಟೆಯ ಹತ್ತಿರ ಸೇರಿದರು. ಎರಡು ದಿನದಿಂದ ಗೂರ್ಖಾಗೆ ಜ್ವರ. ‘ರಾತ್ರಿ ಮಳಿಯಾಗ ಒಂದ ಸಲ ಅಷ್ಟ ಬಂದು ಹೋಗೀನಿ’ ಅಂತ ಅವನೇ ಹೇಳಿದ.

‘ಜ್ವರಾನ ಅವಾಗ ಬರಬೇಕಾ?’ ಅಂದರು ಒಬ್ಬರು.

‘ಕಾಯಾಂವಗ ಅಲ್ಲೇನ ಎಲ್ಲಾ ಕೀಲಿ ಗೊತ್ತಿರೂದು?’ ಅಂದರು ಇನ್ನೊಬ್ಬರು.

ಅಲ್ಲಿಯವರೆಗೆ ಬರೀ ಗೊಣಗಾಟ. ಅದಕ್ಕೆ ಕಾಲು ಕೊಟ್ಟವಳು ನಾನು.

ಕಳವಾಗುವ ಹಿಂದಿನ ದಿನ ರಾತ್ರಿ, ಕಡೇ ಬಸ್ಸಿನ ಹೊತ್ತಿಗೆ, ಅವನು ಬಸ್ ಸ್ಟ್ಯಾಂಡಿನ ಕತ್ತಲಲ್ಲಿ ಇಬ್ಬರು ಹುಡುಗರ ಜೊತೆ ನಿಂತದ್ದನ್ನು ನೋಡಿದ್ದೆ. ಊರಿನವರಲ್ಲ. ಅವರ ಭಾಷೆಯಲ್ಲಿ ಪಿಸುಪಿಸು ಮಾತಾಡುತ್ತಿದ್ದರು. ಅವನು ಅವರ ಕೈಗೆ ಒಂದು ಚೀಲ ಕೊಟ್ಟ. ಇದನ್ನು ನಾನು ನಮ್ಮ ಮನೆಯವರಿಗೆ ಹೇಳಿದೆ. ಪಕ್ಕದ ಅಂಗಡಿಯವರು ಕೇಳಿಸಿಕೊಂಡರು. ಅರ್ಧ ತಾಸಿನಲ್ಲಿ ಅದು ‘ಗೂರ್ಖಾನ ಕಡಿ ಹುಡುಗೂರು ಮೊದಲ ಬಂದು ನೋಡ್ಕೊಂಡು ಹೋಗ್ಯಾರ’ ಅಂತಾಯಿತು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಅದನ್ನು ಹೇಳುವಾಗ ನನ್ನ ದನಿ ಹೇಗಿತ್ತು ಅನ್ನುವುದು ನನಗೆ ಗೊತ್ತು.

ಪೊಲೀಸರು ಬಂದು ಅವನನ್ನು ಕರೆದೊಯ್ದರು. ಎರಡು ದಿನ ಬಿಡಲಿಲ್ಲ.

ಎರಡನೇ ದಿನ ಸಂಜೆ ಅವನ ಹೆಂಡತಿ ಅಕ್ಕಿ ಒಯ್ಯಲು ಅಂಗಡಿಗೆ ಬಂದಳು. ಆಕೆಗೆ ಕನ್ನಡ ಅಷ್ಟಾಗಿ ಬಾರದು, ಮಗಳು ಜೊತೆಗಿದ್ದಳು. ಅಂಗಡಿಯಲ್ಲಿ ನಾಲ್ಕು ಮಂದಿ ಇದ್ದವರು ಸುಮ್ಮನಾದರು. ಒಬ್ಬಾಕೆ ತನ್ನ ಚೀಲವನ್ನು ಈ ಕಡೆಯ ಬಗಲಿನಿಂದ ಆ ಕಡೆಯ ಬಗಲಿಗೆ ಹಾಕಿಕೊಂಡಳು. ಹುಡುಗಿ ನನ್ನನ್ನೇ ನೋಡಿ ಹೇಳಿತು: ‘ಆಂಟಿ, ನಮ್ಮ ಪಪ್ಪಾ ಕದ್ದಿಲ್ರೀ.’

ನಾನು ಏನು ಅಂದೆ ಗೊತ್ತೇ? ‘ನೋಡೂಣವ್ವಾ’ ಅಂದೆ. ಅಕ್ಕಿ ತೂಗಿದೆ, ರೊಕ್ಕ ಎಣಿಸಿಕೊಂಡೆ.

ಮೂರನೇ ದಿನ ಅವನನ್ನು ಬಿಟ್ಟರು. ಅಂದು ನಮ್ಮ ಮನೆಯವರೂ ಠಾಣೆಗೆ ಹೋಗಿದ್ದರು. ಅವನು ಕಿಸೆಯಿಂದ ತೆಗೆದು ತೋರಿಸಿದ, ಪ್ಲಾಸ್ಟಿಕ್ ಹಾಕಿಸಿದ ನೇಪಾಳದ ನಾಗರಿಕತೆಯ ಪತ್ರ ದೇವನಾಗರಿಯಲ್ಲಿತ್ತು. ಇವರಿಗೆ ಮರಾಠಿ ಓದಲು ಬರುವುದರಿಂದ ಇವರೇ ಓದಿ ಹೇಳಿದರಂತೆ. ಮನೆಗೆ ಬಂದು, ‘ಅಂವಗ ಚಂದನ ಹೆಸರ ಐತಿ. ಬಹಾದ್ದೂರ ಅನ್ನೂದು ಅದರಾಗ ಎಲ್ಲೂ ಇಲ್ಲ’ ಅಂದರು. ಊರು ನೇಪಾಳದ ಪಶ್ಚಿಮ ತುದಿಯ ಅಛಾಮ್ ಜಿಲ್ಲೆ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ನಮ್ಮಿಂದ ಠಾಣೆಯ ಕಾಗದದ ಮೇಲೆ ಬಂದಿದೆ, ಸಾಕು.

ಮತ್ತೆ ಹದಿನೈದು ದಿನಕ್ಕೆ ನಿಜವಾದ ಕಳ್ಳರು ಸಿಕ್ಕರು. ಕದ್ದ ಮೊಬೈಲ್ ಮಾರಲು ಹೋಗಿ ಸಿಕ್ಕಿಬಿದ್ದ ಇಬ್ಬರು, ಇಲ್ಲೇ ನಮ್ಮ ಸುತ್ತಿನ ಊರಿನವರು. ನಮ್ಮದೇ ಮಾತು, ನಮ್ಮದೇ ಜಾತ್ರೆ, ನಮ್ಮದೇ ಸಂತೆ. ಪ್ಯಾಟಿಯಲ್ಲಿ ಎಲ್ಲರೂ ‘ಸಿಕ್ರಲ್ಲ, ಬಿಡ್ರಿ’ ಅಂದರು. ‘ಆ ಊರ ಮಂದಿನ ಹಂಗ’ ಅಂತ ಒಬ್ಬರೂ ಅನ್ನಲಿಲ್ಲ. ಗೂರ್ಖಾನ ಹತ್ತಿರ ಹೋಗಿ ‘ತಪ್ಪಾತಪ್ಪಾ’ ಅಂತಲೂ ಯಾರೂ ಅನ್ನಲಿಲ್ಲ. ನಾನಂತೂ ಅನ್ನಲಿಲ್ಲ. ಅವನು ಮತ್ತೆ ಸೀಟಿ ಊದುತ್ತಾ ತಿರುಗತೊಡಗಿದ. ಆದರೆ ನಮ್ಮ ಜಗಲಿಯ ಲೋಟದ ಸಪ್ಪಳ ನಿಂತಿತು. ಹೆಗಲಿಗೆ ಒಂದು ನೀರಿನ ಬಾಟಲಿ ಬಂದಿತ್ತು.

ಆ ವರ್ಷ ಗಣೇಶ ಚೌತಿಗೆ ನನ್ನ ತಮ್ಮ ಗೋವಾದಿಂದ ಬಂದ. ಅವನ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ತವರೂರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಒಂದು. ನಾಕೆಕರೆ ಎರೆ ಹೊಲ ಹೋಯಿತು. ಪರಿಹಾರದ ರೊಕ್ಕ ಸಾಲಕ್ಕೆ, ಮನೆ ಕಟ್ಟಲು, ತಂಗಿಯ ಮದುವೆಗೆ ಅಂತ ಕರಗಿತು. ಪುನರ್ವಸತಿ ಕೇಂದ್ರಕ್ಕೆ ಹೋದ ಮೇಲೆ ಸುತ್ತಲಿನವರಿಗೆ ನಾವು ‘ಮುಳುಗಡಿ ಮಂದಿ’ ಆದೆವು. ದುಡಿಯಲು ಹೊಲವಿಲ್ಲದೆ ತಮ್ಮ ಗುಳೆ ಹೋದ, ಗೋವಾದ ವಾಸ್ಕೋ ಕಡೆಗೆ, ಗೌಂಡಿ ಕೆಲಸಕ್ಕೆ. ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಗೋವಾಕ್ಕೆ ಹೋಗದ ಊರು ಯಾವುದಿದೆ ಹೇಳಿ? ಅಲ್ಲಿ ನಮ್ಮವರಿಗೆ ‘ಘಾಟಿ’ ಅನ್ನುತ್ತಾರೆ. ಘಟ್ಟದ ಮೇಲಿನಿಂದ ಬಂದವರು ಅಂತ ಅದರ ಅರ್ಥ. ಆದರೆ ಅದನ್ನು ಅನ್ನುವ ರೀತಿಯಲ್ಲಿ ಬೇರೆಯೇ ಅರ್ಥವಿರುತ್ತದೆ. 2004ರಲ್ಲಿ ವಾಸ್ಕೋದ ಬೈನಾ ಕಡಲದಂಡೆಯ ಜೋಪಡಿಗಳನ್ನು ಕೆಡವಿದಾಗ ಮಳೆಗಾಲದಲ್ಲಿ ಬೀದಿಗೆ ಬಿದ್ದವರಲ್ಲಿ ನಮ್ಮ ಕಡೆಯವರೇ ಬಹಳ.

ಅದಕ್ಕೂ ಒಂದು ವರ್ಷ ಮೊದಲು ತಮ್ಮ ದುಡಿಯುತ್ತಿದ್ದ ಕಡೆ ತಾಮ್ರದ ತಂತಿಯ ಸುರುಳಿಗಳು ಕಳವಾದವು. ಅಲ್ಲಿ ಹತ್ತೂರಿನ ಕೆಲಸಗಾರರಿದ್ದರು. ಸಾಲಾಗಿ ನಿಲ್ಲಿಸಿದ್ದು ‘ಘಾಟಿ’ಗಳನ್ನು ಮಾತ್ರ. ಆಗ ತಮ್ಮನಿಗೆ ಇಪ್ಪತ್ತು ವರ್ಷ. ಮೂರು ದಿನ ಕೂಡಿಹಾಕಿದ್ದರು. ಅಪ್ಪ ಕೈಗಡ ತೆಗೆದುಕೊಂಡು, ಕೊಂಕಣಿ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ ಬಿಡಿಸಿಕೊಂಡು ಬಂದ. ಆ ಮೂರು ದಿನ ಅವ್ವ ಒಲೆ ಹಚ್ಚಿರಲಿಲ್ಲ. ‘ನನ್ನ ಮಗಾ ಇನ್ನೊಬ್ಬರ ಹೊಲದಾಗಿನ ಕಡ್ಲಿ ಗಿಡಾನೂ ಕಿತ್ತಾಂವಲ್ಲ’ ಅಂತ ಗೋಡೆಗೆ ಹೇಳಿಕೊಂಡು ಅಳುತ್ತಿದ್ದಳು. ಆವತ್ತು ನಾನು ಗೋವಾದವರಿಗೆ ಹಾಕದ ಶಾಪವಿಲ್ಲ.

ಊಟಕ್ಕೆ ಕೂತಾಗ ತಮ್ಮನಿಗೆ ಪ್ಯಾಟಿಯ ಕಳವಿನ ಸುದ್ದಿಯನ್ನೆಲ್ಲ ಹೇಳಿದೆ. ಸ್ವಾರಸ್ಯವಾಗಿಯೇ ಹೇಳುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಕಂಡದ್ದು, ಅದನ್ನು ಹೇಳಿದ್ದು ಬಂದಾಗ ಅವನು ತುತ್ತು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ.

‘ಅಕ್ಕಾ, ನೀನೂ ಹಂಗ ಅಂದ್ಯಾ?’

ಅಷ್ಟೇ. ಮತ್ತೇನೂ ಅನ್ನಲಿಲ್ಲ. ಮೋದಕ ಬಡಿಸಲು ಹೋದರೆ ಸಾಕು ಅಂದ. ಅವ್ವ ಅತ್ತ ಮೂರು ದಿನ, ಅಂಗಡಿಯ ಮುಂದೆ ನಿಂತ ಆ ಹುಡುಗಿ, ಎರಡೂ ಒಟ್ಟಿಗೇ ಕಣ್ಣ ಮುಂದೆ ಬಂದವು. ತಕ್ಕಡಿಯ ಈ ಕಡೆ ನಿಂತಾಗ ನಾನು ಯಾರ ಹಾಗೆ ಮಾತಾಡಿದ್ದೆ ಅನ್ನುವುದು ಅಂದು ತಿಳಿಯಿತು.

ತಿಳಿದ ಮೇಲೂ ಹೋಗಿ ಮಾತಾಡಲು ತಿಂಗಳು ಬೇಕಾಯಿತು. ನಮ್ಮ ಅಂಗಡಿಗೆ ಬಂದು ಹೋಗುವವನ ಖೋಲಿಗೆ ನಾನು ಹೋಗುವುದೇ, ಜನ ಏನಂದಾರು ಅನ್ನುವ ಬಿಂಕ. ಕೊನೆಗೆ ದಸರೆ ಬಂತು. ವಿಜಯದಶಮಿಯ ದಿನ ನಮ್ಮಲ್ಲಿ ಮುನಿಸು ಮರೆತು ಬನ್ನಿ ಕೊಡುವ ಪದ್ಧತಿ. ಸಂಜೆ ಒಂದಿಷ್ಟು ಬನ್ನಿ ಎಲೆ, ಡಬ್ಬಿಯಲ್ಲಿ ಹೋಳಿಗೆ ಹಿಡಿದು ಪ್ಯಾಟಿಯ ಹಿಂದಿನ ಆ ಖೋಲಿಗೆ ಹೋದೆ. ಏಳೆಂಟು ವರ್ಷದಲ್ಲಿ ಮೊದಲ ಸಲ.

ಒಳಗೆ ನೋಡಿದರೆ ಅವರ ಮನೆಯಲ್ಲೂ ಹಬ್ಬ. ಅವರು ದಶೈಂ ಅನ್ನುತ್ತಾರಂತೆ. ಮೂಲೆಯಲ್ಲಿ ಮಣ್ಣಿನ ಪಾತ್ರೆಯಲ್ಲಿ ಗೇಣುದ್ದ ಹಳದಿ ಸಸಿ. ನಮ್ಮ ಕಡೆ ನವರಾತ್ರಿಗೆ ಘಟ್ಟ ಹಾಕಿ ಕಾಳು ಬಿತ್ತಿ ಒಂಬತ್ತು ದಿನ ಬೆಳೆಸುವುದಿಲ್ಲವೇ, ಹಾಗೆಯೇ. ಅವರು ಅದಕ್ಕೆ ಜಮರಾ ಅನ್ನುತ್ತಾರೆ. ನಾನು ಎರಡು ನಿಮಿಷ ಅದನ್ನೇ ನೋಡುತ್ತಾ ನಿಂತೆ. ನಮ್ಮ ದೇವರ ಮನೆಯ ಮೂಲೆಯನ್ನು ಯಾರೋ ಎತ್ತಿ ಅಲ್ಲಿಟ್ಟಂತಿತ್ತು.

ಬನ್ನಿ ಅವನ ಕೈಯಲ್ಲಿಟ್ಟು, ‘ತಮ್ಮಾ, ನಂದು ತಪ್ಪಾತು’ ಅಂದೆ.

ಅವನು ಬನ್ನಿಯನ್ನು ಹಣೆಗೆ ಒತ್ತಿಕೊಂಡ. ಸ್ವಲ್ಪ ಹೊತ್ತು ಬಿಟ್ಟು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಹೇಳಿದ: ‘ದೀದಿ, ನೀವು ನೋಡಿದ್ದು ಖರೇನ. ಆ ಹುಡುಗೂರು ಊರಿಗೆ ಹೊಂಟಿದ್ರು. ನಮ್ಮ ಅಮ್ಮಗ ಬನಹಟ್ಟಿ ಸೀರಿ, ಸ್ವಲ್ಪ ರೊಕ್ಕ ಕಳಿಸಿದ್ದೆ. ನನ್ನ ಒಂದು ಮಾತು ಕೇಳಬಹುದಿತ್ತು.’

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚಲೋ ಇತ್ತು. ಏನು ಉತ್ತರ ಕೊಡಬೇಕೋ ನನಗೆ ತಿಳಿಯಲಿಲ್ಲ. ನಿಜವಾಗಿಯೂ ಅಷ್ಟೇ ಇತ್ತಲ್ಲ? ‘ಯಾರಪಾ ಆ ಹುಡುಗೂರು, ಚೀಲದಾಗ ಏನ ಕೊಟ್ಟಿ’ ಅಂತ ನಮ್ಮೂರ ಯಾವ ಹುಡುಗನನ್ನಾದರೂ ನಾನು ಕೇಳಿಯೇ ಕೇಳುತ್ತಿದ್ದೆ. ಅವನನ್ನು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಒಂದು ತಾಟು ತಂದಳು. ಮೊಸರು, ಅಕ್ಕಿ, ಕುಂಕುಮ ಕಲಸಿದ ಟೀಕಾ. ಹುಡುಗಿಯೇ ಬಿಡಿಸಿ ಹೇಳಿತು: ‘ಇದನ್ನ ಹಿರ್ಯಾರು ಹಚ್ಚಬೇಕ್ರಿ ಆಂಟಿ. ನಮ್ಮ ಅಜ್ಜಿ ಊರಾಗ ಅದಾಳ್ರಿ. ನೀವ ಹಚ್ಚಬೇಕಂತ್ರಿ ನಮ್ಮವ್ವ ಅನ್ನಾಕತ್ಯಾಳ.’ ನನ್ನ ಕೈ ನಡುಗಿತು. ಮೂವರ ಹಣೆಗೂ ಹಚ್ಚಿದೆ. ಆ ಹಳದಿ ಸಸಿಯ ನಾಲ್ಕೆಳೆಯನ್ನು ಹುಡುಗಿಯ ಕಿವಿಗೆ ಸಿಗಿಸಿದೆ. ಏನು ಹರಸಬೇಕು ಅಂತ ಗೊತ್ತಾಗದೆ ನಮ್ಮ ಮಾತನ್ನೇ ಹೇಳಿದೆ: ‘ಬಂಗಾರದಂಗ ಇರೂಣು.’

ಇದನ್ನು ಓದಿ, ಹಾಗಾದರೆ ಯಾರು ಬಂದರೂ ಕಣ್ಣು ಮುಚ್ಚಿ ನಂಬಬೇಕೇನು ಅಂತ ಕೆಲವರು ಕೇಳಬಹುದು. ನಮ್ಮ ಮನೆಯವರೂ ಹಾಗೇ ಕೇಳಿದರು. ಕಣ್ಣು ಮುಚ್ಚುವುದು ಬೇಡ. ಕೆಲಸಕ್ಕೆ ಇಟ್ಟುಕೊಳ್ಳುವಾಗಲೇ ಹೆಸರು, ಊರು, ಮನೆಯವರ ಫೋನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳೋಣ, ಗುರುತಿನ ಪತ್ರ ನೋಡೋಣ. ಈಗ ನಮ್ಮ ಪ್ಯಾಟಿಯವರು ಹಾಗೆ ಮಾಡಿದ್ದಾರೆ. ನಾವು ಮೊದಲೇ ಅಷ್ಟು ಮಾಡಿದ್ದರೆ ಅವನ ಹೆಸರು ನಮಗೆ ಠಾಣೆಯಲ್ಲಿ ತಿಳಿಯುವ ಪ್ರಸಂಗ ಬರುತ್ತಿರಲಿಲ್ಲ. ಗುರುತು ಕೇಳುವುದು ಅವಮಾನವಲ್ಲ. ಗುರುತೇ ಮಾಡಿಕೊಳ್ಳದೆ ಎಂಟು ವರ್ಷ ದುಡಿಸಿಕೊಂಡು, ಕಳವಾದ ದಿನ ಮಾತ್ರ ‘ಅಂವಾ ಯಾರೋ ಏನೋ’ ಅನ್ನುತ್ತೇವಲ್ಲ, ಅದು ಅವಮಾನ.

ಹುಡುಗಿ ಈಗ ಏಳನೇ ಇಯತ್ತೆ. ಸಂಜೆ ಅಂಗಡಿಗೆ ಬಂದು ಪೇಪರ್ ಓದಿ ಹೋಗುತ್ತಾಳೆ. ಪ್ಯಾಟಿಯಲ್ಲಿ ಅವಳ ಅಪ್ಪನನ್ನು ಈಗ ಹೆಸರು ಹಿಡಿದು ಕರೆಯುವವರು ನಾಲ್ಕೈದು ಮಂದಿ ಆಗಿದ್ದಾರೆ. ಉಳಿದವರಿಗೆ ಇನ್ನೂ ಅವನು ಗೂರ್ಖಾ. ತಿಂಗಳ ರೊಕ್ಕಕ್ಕೆ ಈಗಲೂ ಕೆಲವರು ನಾಳಿ ಬಾ ಅನ್ನುತ್ತಾರೆ.

ರಾತ್ರಿ ಸೀಟಿ ಕೇಳುತ್ತದೆ, ಕಂಬಕ್ಕೆ ಎರಡು ಪೆಟ್ಟೂ ಬೀಳುತ್ತವೆ. ಆ ಬೇರೆ ಲೋಟವನ್ನು ತೆಗೆದು, ನಾವು ಮನೆಯಲ್ಲಿ ಕುಡಿಯುವ ತಂಬಿಗೆಯನ್ನೇ ಕೊಡದ ಮೇಲೆ ಇಡುತ್ತಿದ್ದೇನೆ. ಅವನು ಹೆಗಲಿಗೆ ಇನ್ನೂ ಬಾಟಲಿ ಹಾಕಿಕೊಂಡೇ ಬರುತ್ತಾನೆ. ನಾನೂ ಕೊಡ ತುಂಬಿಡುವುದನ್ನು ಬಿಟ್ಟಿಲ್ಲ.